ಕುಬರ್ನೆಟೀಸ್ ಡಾಕ್ಸ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಿ

ಶನಿವಾರವೂ ಓಎಂಆರ್ ಟ್ರಾಫಿಕ್ ದಾಟಿ ಬಂದಿದೀರ, ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ.

ಓಪನ್ ಸೋರ್ಸ್‌ಗೆ ಕೋಡ್ ಕಳಿಸೋಕೆ ಅಳುಕು ಇರೋರು ಡಾಕ್ಯುಮೆಂಟೇಶನ್‌ನಿಂದ ಶುರು ಮಾಡಬಹುದು. ಇವತ್ತು ಕುಬರ್ನೆಟೀಸ್ ತಗೊಳ್ಳೋಣ, ಇಲ್ಲಿರೋ ಅರ್ಧ ಜನಕ್ಕೆ ಆಫೀಸಲ್ಲಿ ದಿನಾ ಅದೇ ಕೆಲಸ. "ಗಿಟ್‌ಹಬ್‌ನಲ್ಲೇ ಪೆನ್ಸಿಲ್ ಒತ್ತಿ ತಿದ್ದಿದ್ರೆ ಸಾಲದಾ ಸರ್?" ಅಂತ ಕೇಳ್ತಾರೆ. ಕಾಗುಣಿತ ತಿದ್ದೋಕೆ ಧಾರಾಳವಾಗಿ ಸಾಕು. ಆದರೆ ಟೇಬಲ್, ಟ್ಯಾಬ್, ಶಾರ್ಟ್‌ಕೋಡ್ ಮುಟ್ಟಿದ್ರೆ ಪುಟ ಹೇಗೆ ಕಾಣುತ್ತೆ ಅಂತ ಮೊದಲು ನೀವೇ ನೋಡಬೇಕು. ಪುಲ್ ರಿಕ್ವೆಸ್ಟ್ ಹಾಕಿದ ಮೇಲೆ ನೆಟ್ಲಿಫೈ ಪ್ರಿವ್ಯೂ ಬರುತ್ತೆ, ನಿಜ. ಅಷ್ಟೊತ್ತಿಗೆ ಎಲ್ಲರೂ ನೋಡಿರ್ತಾರೆ!

ಮೊದಲು ಫೋರ್ಕ್, ಆಮೇಲೆ ಕ್ಲೋನ್. ರೆಪೊಸಿಟರಿ ದೊಡ್ಡದು. ಪಿಜಿ ವೈಫೈ ಅಥವಾ ಮೊಬೈಲ್ ಹಾಟ್‌ಸ್ಪಾಟ್ ಆದ್ರೆ ಡೆಪ್ತ್ 1 ಅಂತ ಕೊಡಿ, ಹಳೆಯ ಇತಿಹಾಸ ಎಲ್ಲಾ ಇಳಿಸೋ ಅಗತ್ಯ ಇಲ್ಲ. ರೀಡ್‌ಮಿಯಲ್ಲಿರೋ ಸಬ್‌ಮಾಡ್ಯೂಲ್ ಕಮಾಂಡನ್ನೂ ಬಿಡಬೇಡಿ.

ಸೈಟ್ ಕಟ್ಟೋದು ಹ್ಯೂಗೋ, ಥೀಮ್ ಡಾಕ್ಸಿ. ಹೆಚ್ಚು ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಉಬುಂಟುವಿನ ಆಪ್ಟ್‌ನಿಂದ ಸಿಗೋ ಹ್ಯೂಗೋ ಎಷ್ಟೋ ಸಲ ಹಳೇದಾಗಿರುತ್ತೆ. ಬೇಕಾಗಿರೋದು ಎಕ್ಸ್‌ಟೆಂಡೆಡ್ ಆವೃತ್ತಿ, ಅದೂ ನೆಟ್ಲಿಫೈ ಕಾನ್ಫಿಗ್ ಫೈಲಿನಲ್ಲಿ ಬರೆದಿರೋ ನಂಬರಿನದೇ. ಈ ತಾಪತ್ರಯ ಬೇಡ ಅಂದ್ರೆ ಡಾಕರ್ ಇದೆ: ಮೇಕ್ ಕಂಟೇನರ್-ಸರ್ವ್ ಅಂತ ಓಡಿಸಿ. ನನ್ನ ಮತ ಕಂಟೇನರಿಗೇ. ಮ್ಯಾಕ್, ವಿಂಡೋಸ್‌ನಲ್ಲಿ ಮಧ್ಯದಲ್ಲೇ ನಿಂತು ಎರರ್ ಕೊಟ್ರೆ ಡಾಕರಿಗೆ ಕೊಟ್ಟಿರೋ ಮೆಮೊರಿ ಜಾಸ್ತಿ ಮಾಡಿ. ಎದ್ದು ನಿಂತ ಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 1313. ಫೈಲ್ ಸೇವ್ ಮಾಡಿದ್ರೆ ಪುಟ ತಾನೇ ಬದಲಾಗುತ್ತೆ.

ಇನ್ನೊಂದು ಮುಖ್ಯ ವಿಷಯ, ದಯವಿಟ್ಟು ಗಮನ ಕೊಡಿ. ಇದನ್ನ ಆಫೀಸ್ ಲ್ಯಾಪ್‌ಟಾಪಲ್ಲಿ ಮಾಡಬೇಡಿ. ಕಂಪನಿ ಪ್ರಾಕ್ಸಿಯಿಂದ ಎನ್‌ಪಿಎಂ ಸರ್ಟಿಫಿಕೇಟ್ ಎರರ್ ಬಂದಾಗ "ಎಸ್‌ಎಸ್‌ಎಲ್ ಚೆಕ್ ಆಫ್ ಮಾಡಿ" ಅಂತ ಯಾರಾದ್ರೂ ಹೇಳ್ತಾರೆ, ಆ ಮಾತು ಕೇಳಬೇಡಿ. ಅದಕ್ಕಿಂತ ದೊಡ್ಡದು ಸಿಎಲ್‌ಎ. ಕುಬರ್ನೆಟೀಸ್‌ಗೆ ಕಳಿಸೋಕೆ ಸಿಎನ್‌ಸಿಎಫ್‌ನ ಒಪ್ಪಂದಕ್ಕೆ ಸಹಿ ಬೇಕು, ವೈಯಕ್ತಿಕವಾಗಿ ಇಲ್ಲವೇ ಕಂಪನಿ ಮೂಲಕ. ಕಮಿಟ್‌ನಲ್ಲಿ ಯಾವ ಇಮೇಲ್ ಇದೆ ಅಂತಲೂ ನೋಡ್ತಾರೆ. ನಿಮ್ಮ ಆಫರ್ ಲೆಟರಿನಲ್ಲಿ "ಉದ್ಯೋಗದ ಅವಧಿಯಲ್ಲಿ ಬರೆದದ್ದೆಲ್ಲ ಕಂಪನಿಯದು" ಅನ್ನೋ ಥರದ ಸಾಲು ಇದೆಯಾ ಅಂತ ಇವತ್ತು ರಾತ್ರಿನೇ ತೆಗೆದು ಓದಿ. ಇದ್ರೆ ಮ್ಯಾನೇಜರ್ ಹತ್ರ ಲಿಖಿತ ಒಪ್ಪಿಗೆ ತಗೊಳ್ಳಿ. ಮನೆ ಬಾಡಿಗೆ, ಊರಿಗೆ ಕಳಿಸೋ ದುಡ್ಡು ಎಲ್ಲಾ ಆ ಕೆಲಸದ ಮೇಲೆ ನಿಂತಿದೆ.

ಕೊನೆಗೆ ಕನ್ನಡದ ಮಾತು. ಹಿಂದಿ, ಬಂಗಾಳಿಗೆ ಅಲ್ಲಿ ಫೋಲ್ಡರ್ ಇದೆ. ಹೊಸ ಭಾಷೆ ಶುರುವಾಗೋಕೆ ಕನಿಷ್ಠ 2 ಜನ ಬೇಕು, ಯಾಕಂದ್ರೆ ನಿಮ್ಮ ಪುಲ್ ರಿಕ್ವೆಸ್ಟನ್ನ ನೀವೇ ಒಪ್ಪೋಹಾಗಿಲ್ಲ. ಅನುವಾದ ಮಾಡೋರು ಎಡಿಟರಿನಲ್ಲಿ ಕಾಣದ ಅಕ್ಷರಗಳನ್ನ ತೋರಿಸೋ ಸೆಟ್ಟಿಂಗ್ ಹಾಕ್ಕೊಳ್ಳಿ. "ಸಾಫ್ಟ್‌ವೇರ್" ಅನ್ನೋ ಪದದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ಅದು ಹೋದ್ರೆ ವ-ಒತ್ತು ಕೆಳಗೆ ಅಂಟಿಕೊಳ್ಳುತ್ತೆ, ಹುಡುಕಿದ್ರೂ ಪದ ಸಿಗದೇ ಹೋಗಬಹುದು.

ಈಗ ಲ್ಯಾಪ್‌ಟಾಪ್ ತೆಗೀರಿ. ಡಾಕರ್ ಇಲ್ಲದವರು ಈ ಕಡೆ ಬನ್ನಿ, ಪೆನ್‌ಡ್ರೈವಲ್ಲಿ ತಂದಿದೀನಿ.