ಕುದಿಸಿದ ಮೇಲೂ ಉಳಿಯೋ ವಿಷ

ಸಿಂಗಾಪುರದಿಂದ ಮಾತಾಡ್ತಿದ್ದೀನಿ. ವಿಮಾನ ಹತ್ತಿ ಹೋಗೋ ಸಿಂಗಾಪುರ ಅಲ್ಲ, ನಮ್ಮ ವಿದ್ಯಾರಣ್ಯಪುರದ ಪಕ್ಕದ್ದು.

ಹೋದ ವರ್ಷ ಮನೇಲಿ ಗೃಹಪ್ರವೇಶ ಇತ್ತು. ಚಿಕ್ಕಮ್ಮ ಬೆಳಿಗ್ಗೆ ಬಾಸುಂದಿ ಮಾಡಿದ್ರು. ಫ್ರಿಜ್‌ನಲ್ಲಿ ಜಾಗ ಇಲ್ಲದೆ ಪಾತ್ರೆ ಸಂಜೆವರೆಗೂ ಹೊರಗೇ ಇತ್ತು. ರಾತ್ರಿ ಮತ್ತೆ ಕುದಿಸಿ ಬಡಿಸಿದ್ರು. ಮೂರು ಗಂಟೆಯೊಳಗೆ ಹನ್ನೊಂದು ಜನಕ್ಕೆ ವಾಂತಿ. ಸರಿಯಾಗಿ ಕುದಿಸಿಲ್ಲ ಅಂತ ಎಲ್ರೂ ಚಿಕ್ಕಮ್ಮನ ಮೇಲೆ ಹರಿಹಾಯ್ದರು. "ಉಕ್ಕೋವರೆಗೂ ಕುದಿಸಿದೀನಿ ಕಣೋ" ಅಂತ ಅವರು ನನ್ನ ಹತ್ರ ಅತ್ತರು.

ನಾನು ಬಿ.ಕಾಂ. ಓದಿದವನು, ವಿಜ್ಞಾನಿ ಅಲ್ಲ. ಆದ್ರೆ ಓದ್ತಾ ಹೋದಾಗ ಗೊತ್ತಾಯ್ತು, ಚಿಕ್ಕಮ್ಮ ಹೇಳಿದ್ದು ನಿಜವೇ ಇರಬಹುದು. ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ನಮ್ಮ ಮೂಗಲ್ಲಿ, ಕೈಯ ಗಾಯದಲ್ಲಿ ಇರುತ್ತೆ. ಬೆಚ್ಚಗಿನ ಹಾಲಲ್ಲಿ ಬೆಳೆದು ಟಾಕ್ಸಿನ್ ಬಿಡುತ್ತೆ. ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ಟಾಕ್ಸಿನ್ ಉಳಿಯುತ್ತೆ.

2000ರಲ್ಲಿ ಜಪಾನ್‌ನಲ್ಲಿ ಆಗಿದ್ದೂ ಇದೇ. ಸ್ನೋ ಬ್ರ್ಯಾಂಡ್ ಕಂಪನಿಯ ಹೊಕ್ಕೈಡೋ ಕಾರ್ಖಾನೆಯಲ್ಲಿ ಸುಮಾರು ಮೂರು ಗಂಟೆ ಕರೆಂಟ್ ಹೋಯ್ತು, ಹಾಲು ಬೆಚ್ಚಗಾಯ್ತು. ಅದರಿಂದ ಆದ ಹಾಲಿನ ಪುಡಿ ಬಳಸಿದ ಹಾಲು ಕುಡಿದು 13,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಪುಡಿಯಲ್ಲಿ ಜೀವಂತ ಸ್ಟ್ಯಾಫ್ ಸಿಗಲಿಲ್ಲ, ಟಾಕ್ಸಿನ್ ಸಿಕ್ತು.

ಹಾಗಾದ್ರೆ ಟಾಕ್ಸಿನ್ ಹಿಡಿಯೋದು ಹೇಗೆ? 1914ರಲ್ಲಿ ಫಿಲಿಪೀನ್ಸ್‌ನಲ್ಲಿದ್ದ ಬಾರ್ಬರ್ ಅನ್ನೋ ವಿಜ್ಞಾನಿ ಹಾಲನ್ನ ತಾನೇ ಕುಡಿದು ನೋಡಿದ್ದ! ಆಮೇಲೆ ಕೋತಿ, ಬೆಕ್ಕಿನಮರಿಗಳ ಮೇಲೆ ಪ್ರಯೋಗ ಬಂತು, ಪಾಪ. ಈಗ ಎಲೈಸಾ ಇದೆ. ಪ್ಲೇಟಿನ ಸಣ್ಣ ಗುಳಿಗಳಲ್ಲಿ ಪ್ರತಿಕಾಯ ಅಂಟಿಸಿರ್ತಾರೆ. ಆಹಾರದ ಸಾರ ಹಾಕಿದಾಗ ಟಾಕ್ಸಿನ್ ಇದ್ರೆ ಅದಕ್ಕೆ ಕಚ್ಚಿಕೊಳ್ಳುತ್ತೆ. ಅದರ ಮೇಲೆ ಎಂಜೈಮ್ ಜೋಡಿಸಿದ ಇನ್ನೊಂದು ಪ್ರತಿಕಾಯ ಕೂರುತ್ತೆ, ಬಣ್ಣ ಬರುತ್ತೆ. ಕೋವಿಡ್ ರ‍್ಯಾಪಿಡ್ ಕಿಟ್ಟೂ ಹೆಚ್ಚುಕಡಿಮೆ ಇದೇ ಉಪಾಯ. ವಾಂತಿ ಬರಿಸೋಕೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಟಾಕ್ಸಿನ್ ಸಾಕು. ಅದಕ್ಕೇ ಇಷ್ಟು ಸೂಕ್ಷ್ಮ ಪರೀಕ್ಷೆ ಬೇಕು.

ಪಿಸಿಆರ್ ಸಾಲದಾ ಅಂತೀರಾ? ಅದು ತೋರಿಸೋದು ಟಾಕ್ಸಿನ್ ಮಾಡೋ ಜೀನ್‌ನ. ಚೆಕ್‌ಬುಕ್ ಸಿಕ್ಕಿದ ಹಾಗೆ. ದುಡ್ಡು ಡ್ರಾ ಆಗಿದ್ಯಾ ಇಲ್ವಾ ಅಂತ ಪಾಸ್‌ಬುಕ್ಕೇ ಹೇಳಬೇಕು, ಅದು ಎಲೈಸಾ. ಈ ಎರಡೂ ದಾರಿಯಲ್ಲಿ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದ್ರೆ ಡಿಎಫ್‌ಆರ್‌ಎಲ್‌ನಲ್ಲೂ ಕೆಲಸ ಆಗಿದೆ.

ನಿಮಗೇನಾದ್ರೂ ಹೀಗಾದ್ರೆ ಉಳಿದದ್ದನ್ನ ಚೆಲ್ಲಬೇಡಿ. ಶುದ್ಧ ಡಬ್ಬಿಗೆ ಹಾಕಿ, ಯಾರೂ ತಿನ್ನದ ಹಾಗೆ ಚೀಟಿ ಅಂಟಿಸಿ ಫ್ರಿಜ್‌ನಲ್ಲಿಡಿ. ಅಂಗಡಿಯಿಂದ ಕೊಂಡಿದ್ದಾದ್ರೆ, 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. "ಬ್ಯಾಕ್ಟೀರಿಯಾ ಇಲ್ಲ" ಅಂತ ವರದಿ ಬಂದ್ರೆ, ಟಾಕ್ಸಿನ್ ನೋಡಿದ್ರಾ ಅಂತ ಕೇಳಿ.

ನಮ್ಮನೆ ಪಾತ್ರೆ ಮಾತ್ರ ಆ ರಾತ್ರಿನೇ ತೊಳೆದಾಗಿತ್ತು. ಈಗ ಯಾವ ಲ್ಯಾಬೂ ಏನೂ ಹೇಳಲ್ಲ. ಚಿಕ್ಕಮ್ಮ ಅಂದಿನಿಂದ ಯಾರ ಮನೆಗೂ ಸಿಹಿ ಮಾಡಿಕೊಟ್ಟಿಲ್ಲ. ಅಂದಹಾಗೆ, ಅವತ್ತು ಫ್ರಿಜ್ ತುಂಬ ಕೂಲ್‌ಡ್ರಿಂಕ್ಸ್ ತುಂಬಿಸಿದ್ದು ನಾನೇ. ಈ ಎಪಿಸೋಡ್ ಮೊದಲು ಅವರಿಗೆ ಕಳಿಸ್ತೀನಿ, ಆಮೇಲೆ ಫ್ಯಾಮಿಲಿ ಗ್ರೂಪ್‌ಗೆ.