ವೆಬ್‌ಸೈಟ್ ಬೇಗ ತೆರೆಯೋದರ ಹಿಂದಿನ ಕಥೆ

ಇವತ್ತು ನಾನು ಮಾತಾಡ್ತಿರೋದು ಕಣ್ಣಿಗೆ ಕಾಣದೇ ಇದ್ರೂ ನಾವೆಲ್ಲ ದಿನಾ ಬಳಸುವ ಒಂದು ವ್ಯವಸ್ಥೆಯ ಬಗ್ಗೆ. ಅದೇ ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಚಿಕ್ಕದಾಗಿ ಸಿಡಿಎನ್.

ನೆಟ್ ಚೆನ್ನಾಗಿದ್ರೂ ಕೆಲವು ವೆಬ್‌ಸೈಟ್‌ಗಳು ಯಾಕೆ ನಿಧಾನ? ಒಂದು ಮುಖ್ಯ ಕಾರಣ ದೂರ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತೆ. ಬೆಂಗಳೂರಿನಿಂದ ನ್ಯೂಯಾರ್ಕ್‌ಗೆ 13 ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಹೋಗಿ ಬರೋಕೆ ಕನಿಷ್ಠ 130 ಮಿಲಿಸೆಕೆಂಡ್ ಬೇಕು. ಒಂದು ಪುಟ ತೆರೆಯೋಕೆ ಇಂಥ ಓಡಾಟ ಹಲವು ಸಲ ಆಗುತ್ತೆ. ಬೆಳಕಿನ ವೇಗ ಹೆಚ್ಚಿಸೋಕಂತೂ ಆಗಲ್ಲ. ದೂರ ಕಮ್ಮಿ ಮಾಡಬಹುದು.

ಸಿಡಿಎನ್ ಮಾಡೋದು ಅದನ್ನೇ. ಫೋಟೊ, ವಿಡಿಯೊ, ಪುಟಗಳ ಪ್ರತಿಗಳನ್ನು ಬೇರೆ ಬೇರೆ ನಗರಗಳ ಸರ್ವರ್‌ಗಳಲ್ಲಿ ಇಟ್ಟಿರುತ್ತೆ. ಹಾಲಿಗೆ ನಾವು ಡೇರಿಗೆ ಹೋಗಲ್ಲ, ಬೀದಿ ಕೊನೆಯ ನಂದಿನಿ ಬೂತ್‌ಗೆ ಹೋಗ್ತೀವಲ್ಲ, ಹಾಗೆ. ಹಾಲಿನ ಪ್ಯಾಕೆಟ್‌ಗೆ ತಾರೀಕು ಇದ್ದ ಹಾಗೆ ಈ ಪ್ರತಿಗಳಿಗೂ ಅವಧಿ ಇರುತ್ತೆ. ಅದು ಮುಗಿದ ಮೇಲೆ ಮೂಲ ಸರ್ವರ್ ಹತ್ರ ವಿಚಾರಿಸಬೇಕು.

ಈ ದಾರಿ ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ಎಂಐಟಿಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿ ಲೆವಿನ್. 1998ರಲ್ಲಿ ಅಕಮೈ ಕಂಪನಿ ಕಟ್ಟಿದರು. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಅಪ್ಪಳಿಸಿದ ಮೊದಲ ವಿಮಾನದಲ್ಲಿ ಲೆವಿನ್ ಇದ್ದರು. ವಯಸ್ಸು 31. ಅದೇ ದಿನ ಜಗತ್ತೆಲ್ಲ ಸುದ್ದಿಗಾಗಿ ವೆಬ್‌ಗೆ ಮುಗಿಬಿತ್ತು, ಸುದ್ದಿತಾಣಗಳು ತತ್ತರಿಸಿದವು. ಅವುಗಳನ್ನು ನಿಲ್ಲಿಸಿಕೊಳ್ಳೋಕೆ ಲೆವಿನ್ ಸಹೋದ್ಯೋಗಿಗಳು ದುಃಖ ನುಂಗಿಕೊಂಡು ದುಡಿದರು.

ಅಂದರೆ ಸಿಡಿಎನ್ ಬರೀ ವೇಗದ ವಿಷಯ ಅಲ್ಲ. ಜನ ಒಟ್ಟಿಗೆ ನುಗ್ಗಿದಾಗ ಭಾರವನ್ನು ಹಂಚಿಕೊಳ್ಳೋದೂ ಅದೇ. ನಮ್ಮಲ್ಲಿ ಚುನಾವಣಾ ಫಲಿತಾಂಶದ ದಿನ ನೆನೆಸಿಕೊಳ್ಳಿ.

ಆದರೆ ಇದಕ್ಕೊಂದು ಇನ್ನೊಂದು ಮುಖ ಇದೆ. 2021ರ ಜೂನ್ 8ರಂದು ಫಾಸ್ಟ್ಲಿ ಅನ್ನೋ ಸಿಡಿಎನ್‌ನಲ್ಲಿ ಒಬ್ಬ ಗ್ರಾಹಕ ಮಾಡಿದ ಸೆಟ್ಟಿಂಗ್ ಬದಲಾವಣೆಯಿಂದ, ಸಾಫ್ಟ್‌ವೇರ್‌ನಲ್ಲಿ ಅಡಗಿದ್ದ ದೋಷ ಎದ್ದು ಕೂತಿತು. ಆ ಗ್ರಾಹಕ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಅವರ ಜಾಲದ ಶೇ 85ರಷ್ಟು ಭಾಗ ಎರರ್ ತೋರಿಸಿತು. ಗಾರ್ಡಿಯನ್, ನ್ಯೂಯಾರ್ಕ್ ಟೈಮ್ಸ್ ಜೊತೆಗೆ ಬ್ರಿಟನ್ ಸರ್ಕಾರದ ವೆಬ್‌ಸೈಟೂ ಸ್ತಬ್ಧ. 49 ನಿಮಿಷದಲ್ಲಿ ಶೇ 95ರಷ್ಟು ಸರಿಹೋಯ್ತು, ನಿಜ. ಆದ್ರೆ ಆಸ್ಪತ್ರೆ, ಪರೀಕ್ಷೆ, ಪಿಂಚಣಿಯಂಥ ಸೇವೆಗಳಿಗೆ ಅಷ್ಟು ಹೊತ್ತೂ ದೊಡ್ಡದೇ.

ಹಾಗಾಗಿ ಜನರ ಸೇವೆಯ ವೆಬ್‌ಸೈಟ್ ನಡೆಸೋರಿಗೆ ನನ್ನ ಮಾತು ಇಷ್ಟೇ: ಸಿಡಿಎನ್ ಬಳಸಿ, ಖಂಡಿತ ಬಳಸಿ. ಆದ್ರೆ ಆ ಬೂತ್ ಬಾಗಿಲು ಹಾಕಿದ ದಿನ ಹಾಲು ಎಲ್ಲಿಂದ ತರ್ತೀರಿ ಅನ್ನೋದನ್ನ ಮೊದಲೇ ಗೊತ್ತುಮಾಡ್ಕೊಂಡಿರಿ.