ಫಹ್ಮಿದಾ ರಿಯಾಜ್: ಕಾವ್ಯ, ದೇಶಭ್ರಷ್ಟತೆ, ಸ್ತ್ರೀವಾದ

ಉರ್ದು ಕವಯಿತ್ರಿ ಫಹ್ಮಿದಾ ರಿಯಾಜ್ 1946ರ ಜುಲೈ 28ರಂದು ಮೀರತ್‌ನಲ್ಲಿ ಹುಟ್ಟಿದರು. ತಂದೆ ರಿಯಾಜುದ್ದೀನ್ ಅಹಮದ್ ಶಿಕ್ಷಣತಜ್ಞರು. ಅವರ ಕೆಲಸದ ಕಾರಣಕ್ಕೆ ಕುಟುಂಬ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ನೆಲೆಸಿತು. ಮಗಳಿಗೆ ನಾಲ್ಕು ವರ್ಷವಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಹುಸ್ನಾ ಬೇಗಂ ಸಂಸಾರದ ಭಾರ ಹೊತ್ತರು. ಮನೆಮಾತು ಉರ್ದು, ಊರಿನ ಮಾತು ಸಿಂಧಿ. ವಿಭಜನೆಯ ಕಾಲದಲ್ಲಿ ಭಾರತದಿಂದ ಬಂದ ಉರ್ದು ಭಾಷಿಕರಲ್ಲಿ ಹಲವರು ಸಿಂಧಿಯನ್ನು ಹೊರಗಿನದೆಂದೇ ಕಂಡರು. ಫಹ್ಮಿದಾ ಅದನ್ನು ಕಲಿತು, ಮುಂದೆ ಸಿಂಧಿ ಕವಿಗಳಾದ ಶಾಹ್ ಅಬ್ದುಲ್ ಲತೀಫ್ ಮತ್ತು ಶೇಖ್ ಅಯಾಜ್ ಅವರ ಕಾವ್ಯವನ್ನು ಉರ್ದುವಿಗೆ ತಂದರು. ಅಧಿಕಾರದ ಭಾಷೆಯ ಒಳಗಿದ್ದುಕೊಂಡೇ ಅದರ ಆಚೆಗೆ ಕಿವಿಗೊಡುವ ಈ ಗುಣ ಅವರ ಸ್ತ್ರೀವಾದಕ್ಕೂ ಬುನಾದಿ.

ಹದಿಹರೆಯದಲ್ಲೇ ಅವರ ಪದ್ಯ ಅಹಮದ್ ನದೀಮ್ ಕಾಸ್ಮಿ ಅವರ 'ಫುನೂನ್' ಪತ್ರಿಕೆಯಲ್ಲಿ ಅಚ್ಚಾಯಿತು. ಓದುವಾಗ ಸೇನಾಡಳಿತಗಾರ ಅಯೂಬ್ ಖಾನ್ ಆಡಳಿತದ ವಿರುದ್ಧ ವಿದ್ಯಾರ್ಥಿ ಚಳವಳಿಯಲ್ಲಿದ್ದರು. ರೇಡಿಯೊ ಪಾಕಿಸ್ತಾನದಲ್ಲಿ ವಾರ್ತೆ ಓದುತ್ತಿದ್ದರು. ಮೊದಲ ಸಂಕಲನ 'ಪತ್ಥರ್ ಕೀ ಜಬಾನ್' 1967ರಲ್ಲಿ ಬಂತು. ಆಮೇಲೆ ಹಿರಿಯರು ನಿಶ್ಚಯಿಸಿದ ಮದುವೆ, ಇಂಗ್ಲೆಂಡಿನ ವಾಸ, ಬಿಬಿಸಿ ಉರ್ದು ವಿಭಾಗದಲ್ಲಿ ಕೆಲಸ, ಚಲನಚಿತ್ರ ತಯಾರಿಕೆಯ ಶಿಕ್ಷಣ. ಮದುವೆ ಮುರಿದು, ಮಗಳೊಂದಿಗೆ ಪಾಕಿಸ್ತಾನಕ್ಕೆ ಮರಳಿದರು.

1973ರಲ್ಲಿ ಬಂದ ಸಂಕಲನ 'ಬದನ್ ದರೀದಾ' (ಹರಿದ ಮೈ) ಅವರನ್ನು ಏಕಕಾಲಕ್ಕೆ ಪ್ರಸಿದ್ಧರನ್ನಾಗಿಯೂ ಅಪಖ್ಯಾತರನ್ನಾಗಿಯೂ ಮಾಡಿತು. ಉರ್ದು ಗಜಲ್ ಪರಂಪರೆಯಲ್ಲಿ ಪ್ರೇಮ, ವಿರಹ, ಮೈಯ ಬಯಕೆ ಹೇರಳವಾಗಿಯೇ ಇದ್ದವು. ಆದರೆ ಬಯಸುವವನು ಗಂಡು, ಬಯಕೆಗೆ ಗುರಿಯಾಗುವ ರೂಪ ಇನ್ನೊಬ್ಬರದು. ಬಸಿರು, ಕಾಮ, ಸುಸ್ತು, ಅಸಹ್ಯ ಇವನ್ನೆಲ್ಲ ಹೆಣ್ಣೊಬ್ಬಳು ತನ್ನ ಅನುಭವವಾಗಿ ನುಡಿದಾಗ ವಿಮರ್ಶಕರು ಅಶ್ಲೀಲ ಎಂದರು. ಇದೇ ವಿಷಯವನ್ನು ಗಂಡಸರು ಶತಮಾನಗಳಿಂದ ಬರೆದದ್ದಕ್ಕೆ ಯಾರೂ ಆ ಹೆಸರಿಟ್ಟಿರಲಿಲ್ಲ. ಪುಸ್ತಕದ ಬಿಸಿ ಇದ್ದದ್ದು ವಿಷಯದಲ್ಲಿ ಅಲ್ಲ, ಹೇಳುವವರು ಯಾರು ಎಂಬುದರಲ್ಲಿ.

ನಾಲ್ಕು ವರ್ಷಗಳ ನಂತರ, 1977ರ ಜುಲೈನಲ್ಲಿ, ಜನರಲ್ ಜಿಯಾ ಉಲ್ ಹಕ್ ಅಧಿಕಾರ ಹಿಡಿದರು. 1979ರ ಹುದೂದ್ ಸುಗ್ರೀವಾಜ್ಞೆಗಳು ವಿವಾಹದಾಚೆಯ ಲೈಂಗಿಕ ಸಂಬಂಧವನ್ನು ಅಪರಾಧವಾಗಿಸಿದವು. ಅತ್ಯಾಚಾರಕ್ಕೆ ಗರಿಷ್ಠ ಶಿಕ್ಷೆ ಆಗಬೇಕಾದರೆ ನಾಲ್ವರು ಗಂಡಸರ ಪ್ರತ್ಯಕ್ಷ ಸಾಕ್ಷ್ಯ ಬೇಕಿತ್ತು. ದೂರು ಕೊಟ್ಟು ರುಜುವಾತು ಮಾಡಲಾಗದ ಹೆಣ್ಣು ತಾನೇ ವ್ಯಭಿಚಾರದ ಆರೋಪಿಯಾಗುವ ಅಪಾಯವಿತ್ತು. 1984ರ ಸಾಕ್ಷ್ಯ ಕಾನೂನು ಹಣಕಾಸಿನ ಕರಾರುಗಳಲ್ಲಿ ಇಬ್ಬರು ಹೆಂಗಸರನ್ನು ಒಬ್ಬ ಗಂಡಸಿಗೆ ಸಮ ಎಂದಿತು. ಹುದೂದ್ ಕಾನೂನುಗಳ ವಿರುದ್ಧ 1981ರಲ್ಲೇ ಕರಾಚಿಯಲ್ಲಿ ವಿಮೆನ್ಸ್ ಆ್ಯಕ್ಷನ್ ಫೋರಂ ಹುಟ್ಟಿತು. 1983ರ ಫೆಬ್ರವರಿ 12ರಂದು ಲಾಹೋರಿನಲ್ಲಿ ಮೆರವಣಿಗೆ ಹೊರಟ ಹೆಂಗಸರ ಮೇಲೆ ಪೊಲೀಸರು ಲಾಠಿ ಬೀಸಿದರು. ಅತ್ಯಾಚಾರದ ದೂರನ್ನು ವ್ಯಭಿಚಾರದ ಕಾನೂನಿನಿಂದ ಬಿಡಿಸಲು 2006ರವರೆಗೆ ಕಾಯಬೇಕಾಯಿತು. 'ಬದನ್ ದರೀದಾ'ವನ್ನು ಹಿಂತಿರುಗಿ ಓದುವವರಿಗೆ ಅದು ಖಾಸಗಿ ಕಾವ್ಯವಾಗಿ ಕಾಣದಿರುವುದು ಈ ಕಾರಣಕ್ಕೇ: ಮೈ ಯಾರದು ಎಂಬ ಪ್ರಶ್ನೆಯನ್ನು ಕವಿ ಎತ್ತಿದ ಕೆಲವೇ ವರ್ಷಗಳಲ್ಲಿ ಪ್ರಭುತ್ವ ಅದಕ್ಕೆ ತನ್ನ ಉತ್ತರ ಬರೆದಿತ್ತು.

ಜಿಯಾ ಕಾಲದ ನೀತಿಯನ್ನು 'ಚಾದರ್' ಮತ್ತು 'ಚಾರ್‌ದೀವಾರಿ', ಅಂದರೆ ಹೊದಿಕೆ ಮತ್ತು ಮನೆಯ ನಾಲ್ಕು ಗೋಡೆ, ಎಂಬ ಎರಡು ಪದಗಳಲ್ಲಿ ಹೇಳಲಾಗುತ್ತಿತ್ತು. ಅದೇ ಹೆಸರಿನ ಫಹ್ಮಿದಾ ಅವರ ಪದ್ಯದಲ್ಲಿ ಹೆಣ್ಣು ಒಡೆಯನೊಡನೆ ಬಹಳ ವಿನಯದಿಂದ ಮಾತಾಡುತ್ತಾಳೆ. ಕರಿ ಚಾದರ ತನಗೆ ಬೇಡ, ಅವನ ಕೋಣೆಯಲ್ಲಿ ಕೊಳೆಯುತ್ತಿರುವ ಶವಕ್ಕೆ ಹೊದಿಸಲಿ ಎನ್ನುತ್ತಾಳೆ. ಉರ್ದು ಪ್ರತಿಭಟನಾ ಕಾವ್ಯದಲ್ಲಿ ಘೋಷಣೆಗೆ ಬರವಿಲ್ಲ. ಈ ಪದ್ಯ ಉಳಿದದ್ದು ವ್ಯಂಗ್ಯದ ತಣ್ಣನೆಯ ದನಿಯಿಂದ.

ಆ ಹೊತ್ತಿಗೆ ಅವರು ಎಡಪಂಥೀಯ ಕಾರ್ಯಕರ್ತ ಜಫರ್ ಅಲಿ ಉಜನ್ ಅವರನ್ನು ಮದುವೆಯಾಗಿ, 'ಆವಾಜ್' ಎಂಬ ಪತ್ರಿಕೆ ನಡೆಸುತ್ತಿದ್ದರು. ಪತ್ರಿಕೆ ನಿಂತಿತು, ಪತಿ ಸೆರೆಯಾದರು, 14 ಮೊಕದ್ದಮೆಗಳು ಬಿದ್ದವು. ಒಂದು 124ಎ ಕಲಮಿನ ರಾಜದ್ರೋಹ; ಬ್ರಿಟಿಷರು ಬಿಟ್ಟುಹೋದ ಈ ಕಲಮು ಭಾರತ, ಪಾಕಿಸ್ತಾನ ಎರಡೂ ದೇಶಗಳ ದಂಡ ಸಂಹಿತೆಯಲ್ಲಿ ಹಾಗೆಯೇ ಉಳಿದುಕೊಂಡಿತ್ತು. ಅಭಿಮಾನಿಯೊಬ್ಬರು ಫಹ್ಮಿದಾ ಅವರಿಗೆ ಜಾಮೀನು ಕೊಡಿಸಿದರು. ಮುಷಾಯಿರಾ, ಅಂದರೆ ಉರ್ದು ಕವಿಗೋಷ್ಠಿಯ ಆಹ್ವಾನದ ನೆಪದಲ್ಲಿ ಅವರು ಮಕ್ಕಳೊಂದಿಗೆ ಭಾರತಕ್ಕೆ ಬಂದರು. ಪಂಜಾಬಿ ಲೇಖಕಿ ಅಮೃತಾ ಪ್ರೀತಂ ಪ್ರಧಾನಿ ಇಂದಿರಾ ಗಾಂಧಿಯವರೊಡನೆ ಮಾತಾಡಿದ್ದರಿಂದ ಆಶ್ರಯ ದೊರೆಯಿತು. ಸುಮಾರು ಏಳು ವರ್ಷ ದೆಹಲಿಯಲ್ಲಿದ್ದು, ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಕೆಲಸ ಮಾಡಿದರು. ಜಿಯಾ ಆಡಳಿತದ ಕೊನೆಗಾಲದಲ್ಲಿ ತಾಯ್ನಾಡಿಗೆ ಮರಳಿದರು.

ಬೆನಜೀರ್ ಭುಟ್ಟೊ ಅವರ ಮೊದಲ ಸರ್ಕಾರ ಅವರನ್ನು ನ್ಯಾಷನಲ್ ಬುಕ್ ಫೌಂಡೇಷನ್ನಿನ ಮುಖ್ಯಸ್ಥರನ್ನಾಗಿ ನೇಮಿಸಿತು. ಸರ್ಕಾರ ಬದಲಾದಾಗ ಭಾರತದ ಏಜೆಂಟ್ ಎಂಬ ಹಣೆಪಟ್ಟಿ ಅಂಟಿತು. ಆಶ್ರಯ ಕೊಟ್ಟ ದೇಶದ ಬಗೆಗಾದರೂ ಅವರು ಮೆಚ್ಚುಗೆಯ ಮಾತಿಗೇ ನಿಲ್ಲಲಿಲ್ಲ. ಭಾರತದಲ್ಲಿ ಧಾರ್ಮಿಕ ರಾಜಕಾರಣ ಬಲಿಯುತ್ತಿರುವುದನ್ನು ಕಂಡು, ನೀವೂ ನಮ್ಮಂತೆಯೇ ಆದಿರಲ್ಲ ಎಂದು ಛೇಡಿಸುವ ಪದ್ಯ ಬರೆದರು. 2000ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಮುಷಾಯಿರಾದಲ್ಲಿ ಅವರ ವಾಚನಕ್ಕೆ ಸಭಿಕರಲ್ಲಿ ಕೆಲವರು ಆಕ್ಷೇಪಿಸಿ ದೊಡ್ಡ ಗದ್ದಲವೇ ಆಯಿತು.

ಕಾವ್ಯದಷ್ಟು ಚರ್ಚೆಯಾಗದಿದ್ದರೂ ಗದ್ಯ ಕಡಿಮೆಯದಲ್ಲ. 'ಗೋದಾವರಿ', 'ಜಿಂದಾ ಬಹಾರ್', 'ಕರಾಚಿ' ಕ್ರಮವಾಗಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನಗಳನ್ನು ಕುರಿತ ಕಥನಗಳು; ಒಡೆದ ಉಪಖಂಡದ ಮೂರು ತುಂಡುಗಳನ್ನು ಒಬ್ಬಳೇ ಲೇಖಕಿ ನೋಡಿದ ಬಗೆ. ಪಾರಸಿಯಿಂದ ರೂಮಿಯನ್ನೂ ಇರಾನಿನ ಆಧುನಿಕ ಕವಯಿತ್ರಿ ಫರೂಘ್ ಫರೂಖ್‌ಜಾದ್ ಅವರನ್ನೂ ಅನುವಾದಿಸಿದರು. ಮಹಿಳೆಯರು ಮತ್ತು ಮಕ್ಕಳಿಗಾಗಿ ಪುಸ್ತಕ ತರಲು 'ವಾದಾ' ಎಂಬ ಸಂಸ್ಥೆ ಕಟ್ಟಿದರು.

2007ರಲ್ಲಿ ಮಗ ಕಬೀರ್ ಅಮೆರಿಕದಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಎರಡು ವರ್ಷಗಳ ಬಳಿಕ ಫಹ್ಮಿದಾ ಕರಾಚಿಯ ಉರ್ದು ನಿಘಂಟು ಮಂಡಳಿಯ ಪ್ರಧಾನ ಸಂಪಾದಕಿಯಾದರು. 2011ರವರೆಗೆ ಆ ಹುದ್ದೆಯಲ್ಲಿದ್ದರು. ಕೊನೆಯ ಕಾದಂಬರಿ 'ಕಿಲಾ-ಎ-ಫರಾಮೋಶಿ'ಗೆ ಅವರು ಆರಿಸಿಕೊಂಡದ್ದು ಪ್ರಾಚೀನ ಇರಾನಿನಲ್ಲಿ ಸಂಪತ್ತಿನ ಸಮಾನ ಹಂಚಿಕೆಯ ಮಾತೆತ್ತಿದ ಮಜ್ದಕನ ಕಥೆಯನ್ನು. 2018ರ ನವೆಂಬರ್ 21ರಂದು ಅವರು ಲಾಹೋರಿನಲ್ಲಿ ನಿಧನರಾದರು.